ಮೂವತ್ತು ಗುರು, ಅರವತ್ತು ಮಾತ್ರೆ

ಬೆಂಗಳೂರಿನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಕಿಟಕಿಯೆಂಬುದೇ ಇಲ್ಲದ ಓಣಿಯ ಉದ್ದಕ್ಕೂ ಗೋಡೆಗೆ ಒತ್ತಿ ಸಾಲಾಗಿ ಇರಿಸಿದ್ದ ಉಕ್ಕಿನ ಕುರ್ಚಿಗಳಲ್ಲಿ ಒಂದನ್ನು ಆರಿಸಿಕೊಂಡು, ತೊಡೆಯ ಮೇಲೆ ಫೈಲು, ಕಾಲ ಬಳಿ ನೀರಿನ ಬಾಟ್ಲಿ, ಹೆಗಲ ಮೇಲೆ ನಾಲ್ಕಾಗಿ ಮಡಿಸಿದ ಶಾಲು, ಇಷ್ಟು ಸಾಮಗ್ರಿಯೊಡನೆ ನನ್ನ ಸೋದರಮಾವ ಒಂದು ಮಳೆಗಾಲದಲ್ಲಿ ಆರು ವಾರಗಳ ಕಾಲ, ಶನಿವಾರ ಭಾನುವಾರಗಳನ್ನು ಬಿಟ್ಟು ದಿನವೂ, ತಮ್ಮ ಹೆಸರು ಕೂಗುವುದನ್ನೇ ನಿರೀಕ್ಷಿಸುತ್ತ ಕುಳಿತಿರುತ್ತಿದ್ದರು. ಮಲೆನಾಡಿನ ಹೈಸ್ಕೂಲೊಂದರಲ್ಲಿ 34 ವರ್ಷ ಕನ್ನಡ ಪಂಡಿತರಾಗಿದ್ದವರು ಅವರು. ಷಟ್ಪದಿಯ ಪಾದಗಳನ್ನು ಬೋರ್ಡಿನ ಮೇಲೆ ಬರೆದು, ತಲೆಯ ಮೇಲೆ ಲಘು ಗುರುಗಳ ಗುರುತು ಹಾಕಿ, ಗಣ ವಿಭಾಗಿಸುವುದನ್ನು ಎರಡು ತಲೆಮಾರಿನ ಹುಡುಗರಿಗೆ ಕಲಿಸಿದವರು. ಚಿಕಿತ್ಸೆಯ ಕ್ರಮವನ್ನು ವಿವರಿಸುತ್ತ ವೈದ್ಯೆ, "ದಿನಕ್ಕೆ ಎರಡು ಗ್ರೇ ಕೊಡ್ತೀವಿ ಸರ್, ಮೂವತ್ತು ದಿನ, ಒಟ್ಟು ಅರವತ್ತು" ಎಂದಾಗ ಅವರ ಮುಖದಲ್ಲಿ ಮೊದಲು ಮೂಡಿದ್ದು ಭೀತಿಯಲ್ಲ, ಹಳೆಯ ಪರಿಚಯಸ್ಥರನ್ನು ಸಂತೆಯಲ್ಲಿ ಕಂಡಂಥ ಒಂದು ಬೆಳಕು. ಬೆರಳು ಮಡಿಸಿ ಎಣಿಸಿ, "ಅಂದರೆ ದಿನಕ್ಕೊಂದು ಗುರು. ಮೂವತ್ತು ಗುರು, ಅರವತ್ತು ಮಾತ್ರೆ. ಲೆಕ್ಕ ಸರಿಯಾಗಿದೆ. ಯತಿ ಎಲ್ಲಿ ಬರ್ತದೆ, ಡಾಕ್ಟರೇ?" ಎಂದರು. ಗುರುವೆಂದರೆ ಎರಡು ಮಾತ್ರೆಯ ಅಕ್ಷರ, ಯತಿಯೆಂದರೆ ಪಾದದ ನಡುವೆ ನಿಲ್ಲುವ ಸ್ಥಾನವೆಂದು ನಾನು ಬಿಡಿಸಿ ಹೇಳಬೇಕಾಯಿತು. ಆಕೆ ನಕ್ಕು, "ಶನಿವಾರ, ಭಾನುವಾರ" ಎಂದರು.

ಮಾತ್ರೆಯೆಂದರೆ ನಮ್ಮಲ್ಲಿ ನುಂಗುವ ಗುಳಿಗೆಯೂ ಹೌದು, ಪದ್ಯದ ಅಳತೆಯೂ ಹೌದು. ಎರಡರ ಬುಡದಲ್ಲಿಯೂ ಇರುವ ಅರ್ಥ ಪ್ರಮಾಣವೆಂಬುದೊಂದೇ. ಉಲ್ಬಣಿಸಿದ ಶ್ವಾಸಕೋಶದ ಅರ್ಬುದಕ್ಕೆ ಕಿರಣವನ್ನೂ ಮದ್ದನ್ನೂ ಕೂಡಿಸಿ ಕೊಡುವ ವಿದ್ಯೆಯ ಹತ್ತಿರ ಆರು ವಾರ ಕುಳಿತು ನೋಡಿದ ಮೇಲೆ, ಅದರ ಜೀವಾಳವೆಲ್ಲ ಆ ಪದದಲ್ಲಿಯೇ ಅಡಗಿದೆಯೆಂದು ನನಗೆ ತೋರಿದೆ.

ಕಾರ್ತಿಕದಲ್ಲಿ ಹಿಡಿದ ಕೆಮ್ಮು ಶಿವರಾತ್ರಿ ಕಳೆದರೂ ಅವರನ್ನು ಬಿಟ್ಟಿರಲಿಲ್ಲ. ಊರಿನ ಸಮೀಪದ ವೈದ್ಯರೊಬ್ಬರು ಎಕ್ಸ್‌ರೇ ತೆಗೆಸಿ, ಬಲ ಪುಪ್ಪುಸದ ಮೇಲ್ಭಾಗದಲ್ಲಿ ನೆರಳೊಂದನ್ನು ಕಂಡು, ಕ್ಷಯವಿರಬೇಕೆಂದು ಮದ್ದು ಆರಂಭಿಸಿದರು. ಆ ಗುಳಿಗೆಗಳನ್ನು ನುಂಗಿದವರ ಮೂತ್ರ ಕೆಂಪಾಗುವುದುಂಟಷ್ಟೆ. ಮಾವ ಅದನ್ನು ಕಂಡು, ರೋಗ ಕರಗಿ ಹರಿದುಹೋಗುತ್ತಿದೆಯೆಂದೇ ನಂಬಿ, ನಾಲ್ಕು ತಿಂಗಳು ಒಂದು ಹೊತ್ತೂ ತಪ್ಪಿಸದೆ ನುಂಗಿದರು. ಕಫದಲ್ಲಿ ಕ್ಷಯದ ಕ್ರಿಮಿ ಒಮ್ಮೆಯೂ ಕಂಡಿರಲಿಲ್ಲ. ಆ ವೈದ್ಯರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ: ಕ್ಷಯ ಮನೆಮನೆಯ ಮಾತಾಗಿರುವ ದೇಶದಲ್ಲಿ ಎದೆಯ ನೆರಳನ್ನು ಕಂಡ ಕೂಡಲೆ ಯಾರ ಮನಸ್ಸಾದರೂ ಮೊದಲು ಓಡುವುದು ಅತ್ತಲೇ, ನೆರಳು ತನ್ನ ಹೆಸರನ್ನು ತಾನೇ ಹೇಳುವುದಿಲ್ಲ. ಆದರೂ ಮದ್ದಿಗೆ ಜಗ್ಗದ ಕೆಮ್ಮನ್ನು ಎರಡನೆಯ ತಿಂಗಳಲ್ಲಿಯೇ ಸ್ಕ್ಯಾನಿಗೆ ಕಳುಹಿಸಿದ್ದರೆ ಆಗುತ್ತಿತ್ತು ಎಂಬ ಮಾತು ನನ್ನ ಗಂಟಲಲ್ಲಿ ಈಗಲೂ ಇದೆ. ಒಂದು ಬೆಳಗ್ಗೆ ಕೆಮ್ಮಿದಾಗ ಟವಲಿನ ಮೇಲೆ ರಕ್ತ ಕಂಡಿತು. ಬಯಾಪ್ಸಿ ಆಯಿತು. ಅಷ್ಟರೊಳಗೆ ಗಡ್ಡೆ ಎದೆಯ ನಡುಭಾಗದ ದುಗ್ಧಗ್ರಂಥಿಗಳನ್ನು ಹಿಡಿದು ಆಚೆಯ ಮಗ್ಗುಲಿಗೂ ಕೈಚಾಚಿತ್ತು. ಮೂರನೆಯ ಹಂತ ಎಂದರು.

ಮೂರನೆಯ ಹಂತವೆಂದರೆ ಶಸ್ತ್ರವೈದ್ಯನು ಬಹುಮಟ್ಟಿಗೆ ಕೈತೊಳೆದುಕೊಳ್ಳುವ ಸ್ಥಳ. ಶ್ವಾಸಕೋಶದ ಅರ್ಬುದವನ್ನು ಕತ್ತಿಯಿಂದ ಗೆಲ್ಲಬಹುದೆಂದು ಅಮೆರಿಕದ ಸೇಂಟ್ ಲೂಯಿ ನಗರದ ಎವಾರ್ಟ್ಸ್ ಗ್ರಹಾಂ 1933ರಲ್ಲಿ ಇಡೀ ಒಂದು ಶ್ವಾಸಕೋಶವನ್ನೇ ತೆಗೆದುಹಾಕಿ ತೋರಿಸಿದನು; ರೋಗಿ ತಾನೂ ವೈದ್ಯನೇ ಆಗಿದ್ದವನು, ಮುಂದೆ ಸುಮಾರು 30 ವರ್ಷ ಬದುಕಿದನು. ಅದೇ ಗ್ರಹಾಂ 1950ರಲ್ಲಿ ತನ್ನ ಶಿಷ್ಯ ವಿಂಡರನೊಡನೆ ಸಿಗರೇಟಿಗೂ ಈ ರೋಗಕ್ಕೂ ಇರುವ ನಂಟನ್ನು ಪ್ರಕಟಿಸಿದನು. ಸ್ವತಃ ಬಹುಕಾಲ ಧೂಮಪಾನಿಯಾಗಿದ್ದ ಅವನು 1957ರಲ್ಲಿ ಅದೇ ರೋಗದಿಂದ, ತಾನು ಉಳಿಸಿದ ರೋಗಿಗಿಂತ ಮುಂಚಿತವಾಗಿ, ತೀರಿಕೊಂಡನು. ನಮ್ಮ ಮಾವನೂ 30 ವರ್ಷ ಬೀಡಿ ಸೇದಿ ನಿವೃತ್ತಿಯ ದಿನ ಬಿಟ್ಟವರು. ಆ ವಿಷಯವನ್ನು ನಾವಾರೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಕತ್ತಿ ಹೋಗಲಾರದ ಎಡೆಗೆ ಕಿರಣ ಹೋಗುತ್ತದೆ. ಕಾಯುವ ಓಣಿಯಲ್ಲಿ ಅದರ ಹೆಸರು 'ಕರೆಂಟ್'. 'ನಿಮಗೆ ಎಷ್ಟು ಕರೆಂಟ್ ಬರೆದಿದಾರೆ?' ಎಂಬುದು ಅಲ್ಲಿಯ ಕುಶಲಪ್ರಶ್ನೆ. ವಾಸ್ತವವಾಗಿ ಅದು ವಿದ್ಯುತ್ತಲ್ಲ. ಎಲೆಕ್ಟ್ರಾನುಗಳನ್ನು ಮಹಾವೇಗಕ್ಕೇರಿಸಿ ಲೋಹದ ಫಲಕಕ್ಕೆ ಅಪ್ಪಳಿಸಿದಾಗ ಹುಟ್ಟುವ, ಮಾಮೂಲು ಎಕ್ಸ್‌ರೇಗಿಂತ ಬಹುಪಟ್ಟು ತೀಕ್ಷ್ಣವಾದ ಎಕ್ಸ್‌ರೇ. ಅದನ್ನು ಕೊಡುವುದಕ್ಕೆ ಹಿಡಿಯುವ ಹೊತ್ತು ಕೆಲವು ನಿಮಿಷ ಮಾತ್ರ. ಅದಕ್ಕೆ ಮುಂಚಿನ ಸಿದ್ಧತೆಗೆ ಒಂದು ವಾರವಾಯಿತು. ಮಣಿಗಳು ತುಂಬಿದ ಚೀಲದಂಥ ಹಾಸಿಗೆಯ ಮೇಲೆ ಕೈಗಳನ್ನು ತಲೆಯ ಮೇಲಕ್ಕೆತ್ತಿಸಿ ಮಲಗಿಸಿ, ಒಳಗಿನ ಗಾಳಿಯನ್ನು ಹೀರಿದಾಗ ಅದು ಅವರ ಬೆನ್ನಿನ ಅಚ್ಚಿಗೇ ಗಟ್ಟಿಯಾಗಿ ನಿಂತಿತು. ಉಸಿರು ಒಳಹೊರಗಾಗುವಾಗ ಗಡ್ಡೆ ಎಷ್ಟು ಏರಿಳಿಯುವುದೆಂದು ಸ್ಕ್ಯಾನಿನಲ್ಲಿ ಅಳೆದರು. ಅನಂತರ ವೈದ್ಯೆಯೂ ಭೌತವಿಜ್ಞಾನಿಯೊಬ್ಬರೂ ಕಂಪ್ಯೂಟರಿನ ಮುಂದೆ ಕುಳಿತು, ಬೆನ್ನುಹುರಿಗೆ ಇಷ್ಟಕ್ಕಿಂತ ಹೆಚ್ಚು ತಾಗಕೂಡದು, ಹೃದಯಕ್ಕೆ ಇಷ್ಟು, ಆರೋಗ್ಯವಾಗಿರುವ ಶ್ವಾಸಕೋಶಕ್ಕೆ ಇಷ್ಟು ಎಂದು ಗಡಿ ಹಾಕಿ, ಆ ಗಡಿಗಳ ನಡುವೆ ಕಿರಣ ನುಸುಳುವ ದಾರಿಗಳನ್ನು ಗೊತ್ತುಮಾಡಿದರು. ಎದೆಯ ನಡುವೆಯೂ ಎರಡು ಪಕ್ಕೆಗಳಲ್ಲಿಯೂ ನೇರಳೆ ಶಾಯಿಯಿಂದ ಕೂಡು ಗುರುತುಗಳನ್ನು ಬರೆದ ಹುಡುಗ, ತುಮಕೂರಿನ ಕಡೆಯವನು, "ಮೇಷ್ಟ್ರೇ, ಇದನ್ನ ಸೋಪು ಹಾಕಿ ತೊಳೀಬೇಡಿ. ಅಳಿಸಿದ್ರೆ ಮತ್ತೆ ಮೊದಲಿಂದ" ಎಂದು ತಾಕೀತು ಮಾಡಿದನು. ಮೂರು ಹೊತ್ತೂ ಸ್ನಾನ ಮಾಡುವ ಮನುಷ್ಯ ಆರು ವಾರ ಎದೆಗೆ ನೀರನ್ನು ಸೋಕಿಸಿಕೊಂಡದ್ದೇ ಹೆಚ್ಚು.

ಈ ಅರವತ್ತನ್ನು ಒಂದೇ ದಿನ ಕೊಟ್ಟು ಮುಗಿಸಬಾರದೇಕೆ ಎಂದು ಮಾವ ಕೇಳಿದರು. ಈ ಪ್ರಶ್ನೆಗೆ ಉತ್ತರ ದೊರೆತದ್ದು 1920ರ ದಶಕದ ಪ್ಯಾರಿಸ್ಸಿನಲ್ಲಿ, ಟಗರಿನ ಮೇಲೆ ನಡೆಸಿದ ಒಂದು ವಿಚಿತ್ರ ಪ್ರಯೋಗದಿಂದ. ಅಲ್ಲಿಯ ರೇಡಿಯಂ ಸಂಸ್ಥೆಯ ಕ್ಲಾಡ್ ರಗೋ ಎಂಬ ವಿಜ್ಞಾನಿ ಟಗರಿನ ವೃಷಣಗಳಿಗೆ ಕಿರಣ ಹಾಯಿಸಿದನು. ಅವು ಬೀಜವನ್ನು ಉತ್ಪಾದಿಸದಂತೆ ಮಾಡುವಷ್ಟು ಕಿರಣವನ್ನು ಒಂದೇ ಸಲಕ್ಕೆ ಕೊಟ್ಟರೆ ಮೇಲಿನ ಚರ್ಮ ಬೆಂದು ಕೊಳೆಯುತ್ತಿತ್ತು. ಅದನ್ನೇ ಕೆಲವು ದಿನಗಳ ಮೇಲೆ ಹಂಚಿಕೊಟ್ಟಾಗ ಬೀಜೋತ್ಪತ್ತಿ ನಿಂತಿತು, ಚರ್ಮ ಉಳಿಯಿತು. ಎಡೆಬಿಡದೆ ಇಬ್ಭಾಗವಾಗುತ್ತಲೇ ಇರುವ ಬೀಜದ ಕೋಶಗಳಿಗೂ ಅರ್ಬುದದ ಕೋಶಗಳಿಗೂ ಸ್ವಭಾವದಲ್ಲಿ ಸಾಮ್ಯವುಂಟೆಂದು ರಗೋ ಊಹಿಸಿದನು. ಅವನ ಸಹೋದ್ಯೋಗಿ ಅನ್ರಿ ಕೂತಾರ್ ಗಂಟಲಿನ ಕ್ಯಾನ್ಸರಿಗೆ ಕಿರಣವನ್ನು ಹೀಗೆಯೇ ಹಂಚಿಕೊಟ್ಟು ಅದನ್ನು ನಿಜಮಾಡಿ ತೋರಿಸಿದನು. ಒಂದು ದಿನದ ಪೆಟ್ಟಿಗೂ ಮರುದಿನದ ಪೆಟ್ಟಿಗೂ ನಡುವಣ ಅವಕಾಶದಲ್ಲಿ ಆರೋಗ್ಯವಂತ ಕೋಶ ತನ್ನ ಗಾಯವನ್ನು ಹೊಲಿದುಕೊಳ್ಳುತ್ತದೆ. ಕೆಟ್ಟ ಕೋಶಕ್ಕೆ ಆ ಹೊಲಿಗೆ ಅಷ್ಟು ಚೆನ್ನಾಗಿ ಬಾರದು. ಇನ್ನೊಂದು ಕಾರಣವೂ ಉಂಟು: ಗಡ್ಡೆಯ ಒಡಲಿನಲ್ಲಿ ಆಮ್ಲಜನಕ ಸಾಲದ ಕೋಶಗಳು ಕಿರಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಹೊರಗಿನ ಪದರ ಸತ್ತಂತೆಲ್ಲ ಪ್ರಾಣವಾಯು ಒಳಕ್ಕೆ ನುಸುಳಿ ಅವನ್ನೂ ಮೆತ್ತಗಾಗಿಸುತ್ತದೆ. ಆಮ್ಲಜನಕದ ಈ ಪಾತ್ರವನ್ನು 1953ರಲ್ಲಿ ಸ್ಪಷ್ಟಪಡಿಸಿದವರಲ್ಲಿ ಪ್ರಮುಖನು ಇಂಗ್ಲೆಂಡಿನ ಹೆರಾಲ್ಡ್ ಗ್ರೇ, ಅಳತೆಗೆ ಅವನ ಹೆಸರೇ ನಿಂತಿದೆ. ಒಂದು ಕಿಲೋಗ್ರಾಂ ತೂಕಕ್ಕೆ ಒಂದು ಜೂಲ್ ಶಕ್ತಿ, ಅದು ಒಂದು ಗ್ರೇ. ಅರವತ್ತು ಗ್ರೇಯೂ ಒಮ್ಮೆಲೇ ಶಾಖವಾಗಿ ಮಾರ್ಪಟ್ಟರೂ ಆ ಜಾಗದ ಉಷ್ಣತೆ ಒಂದು ಡಿಗ್ರಿಯ ನೂರರಲ್ಲಿ ಎರಡು ಪಾಲಿನಷ್ಟು ಕೂಡ ಏರದು. ಒಂದು ಗುಟುಕು ಬಿಸಿ ಕಾಫಿ ಎದೆಗೆ ಇಳಿಸುವ ಶಾಖ ಅದಕ್ಕಿಂತ ಹೆಚ್ಚು. ಸುಡುವ ಕೆಲಸವಲ್ಲ ಇದು. ಕೋಶದ ಒಳಗಿನ ಬರವಣಿಗೆಯ ಎಳೆಯನ್ನು ಅಲ್ಲಲ್ಲಿ ತುಂಡರಿಸುವ ಕೆಲಸ.

ಸೋಮವಾರ ಬಂತೆಂದರೆ ಕರೆಂಟಿನೊಡನೆ ಕೀಮೋ. ಮೇಲಿನ ಮಹಡಿಯ ಉದ್ದನೆಯ ಹಾಲಿನಲ್ಲಿ, ಒರಗುಕುರ್ಚಿಯೊಂದರಲ್ಲಿ ಕೂರಿಸಿ, ಮೊದಲು ಒಗ್ಗದಿರುವಿಕೆಯನ್ನು ತಡೆಯುವ ಇಂಜೆಕ್ಷನ್ನುಗಳನ್ನು ಕೊಟ್ಟು, ಅವುಗಳ ಮಂಪರು ಏರುತ್ತಿದ್ದಂತೆ ಪ್ಯಾಕ್ಲಿಟ್ಯಾಕ್ಸೆಲ್, ಅದು ಮುಗಿದ ಮೇಲೆ ಕಾರ್ಬೊಪ್ಲಾಟಿನ್. ಇವೆರಡರ ವಂಶಾವಳಿ ಕೇಳತಕ್ಕದ್ದು. 1965ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬವನು ಬ್ಯಾಕ್ಟೀರಿಯಾಗಳ ನಡುವೆ ವಿದ್ಯುತ್ತನ್ನು ಹರಿಸಿ ನೋಡುತ್ತಿದ್ದಾಗ, ಅವು ಸಾಯದೆ, ಇಬ್ಭಾಗವೂ ಆಗದೆ, ದಾರದ ಹಾಗೆ ಉದ್ದುದ್ದವಾಗಿ ಬೆಳೆಯುತ್ತಲೇ ಹೋದವು. ವಿದ್ಯುತ್ತಿನ ಮಹಿಮೆಯೆಂದು ತಿಳಿದು ಕೆದಕಿದರೆ, ಕಾರಣ ವಿದ್ಯುತ್ತಲ್ಲವೇ ಅಲ್ಲ. ತಂತಿಯ ತುದಿಯ ಪ್ಲಾಟಿನಂ ಲೋಹ ದ್ರವದಲ್ಲಿ ಸ್ವಲ್ಪಸ್ವಲ್ಪವಾಗಿ ಕರಗಿ ಹುಟ್ಟಿದ್ದ ಲವಣವೊಂದು ಅವುಗಳ ವಿಭಜನೆಯನ್ನು ತಡೆದಿತ್ತು. ರಸಾಯನಶಾಸ್ತ್ರಜ್ಞರಿಗೆ ಆ ಲವಣ ನೂರಿಪ್ಪತ್ತು ವರ್ಷಗಳಿಂದ ಗೊತ್ತಿದ್ದದ್ದೇ. ಅದರ ಗುಣ ಮಾತ್ರ ಗೊತ್ತಿರಲಿಲ್ಲ. ಸಿಸ್‌ಪ್ಲಾಟಿನ್ ಎಂಬ ಹೆಸರಿನಿಂದ 1978ರಲ್ಲಿ ಅದು ಮದ್ದಾಯಿತು. ಕರುಳನ್ನೇ ಕಿತ್ತುತರುವ ವಾಂತಿ, ಮೂತ್ರಪಿಂಡಕ್ಕೆ ಪೆಟ್ಟು, ಕಿವಿಯಲ್ಲಿ ಮೊರೆತ ಅದರ ಪರಿವಾರ. ಕಾರ್ಬೊಪ್ಲಾಟಿನ್ ಅದರ ಸೌಮ್ಯಳಾದ ತಂಗಿ. ಇದರ ಪ್ರಮಾಣವನ್ನು ಮಿಕ್ಕ ಮದ್ದುಗಳಂತೆ ಎತ್ತರ ತೂಕಗಳಿಂದಲ್ಲ, ರೋಗಿಯ ಮೂತ್ರಪಿಂಡಗಳು ಎಷ್ಟು ಬೇಗ ಸೋಸಿ ಹೊರಹಾಕುತ್ತವೆಯೆಂಬ ಲೆಕ್ಕದಿಂದ ನಿರ್ಣಯಿಸುತ್ತಾರೆ. ಆದ್ದರಿಂದಲೇ ಸೋಮವಾರದ ಬಾಟ್ಲಿಗೆ ಮುಂಚೆ ರಕ್ತಪರೀಕ್ಷೆ.

ಪ್ಯಾಕ್ಲಿಟ್ಯಾಕ್ಸೆಲ್ಲಿನ ಮೂಲ ಅಮೆರಿಕದ ಪಶ್ಚಿಮ ತೀರದ ಯೂ ಮರದ ತೊಗಟೆ. ಅದರ ರಚನೆಯನ್ನು 1971ರಲ್ಲಿ ಬಿಡಿಸಿ ತೋರಿಸಿದ ಪ್ರಮುಖರಿಬ್ಬರಲ್ಲಿ ಮನ್‌ಸುಖ್ ವಾಣಿ ಮಹಾರಾಷ್ಟ್ರದ ನಂದೂರಬಾರಿನಲ್ಲಿ ಹುಟ್ಟಿದವರು, ಇನ್ನೊಬ್ಬ ಮನ್ರೋ ವಾಲ್. ಇಬ್ಭಾಗವಾಗಲು ಅಣಿಯಾದ ಕೋಶವನ್ನು ಅದು ಆ ಭಂಗಿಯಲ್ಲಿಯೇ ಸೆರೆಹಿಡಿದು ನಿಲ್ಲಿಸುತ್ತದೆ. ಕೋಶ ಕಿರಣಕ್ಕೆ ಅತ್ಯಂತ ಸುಲಭವಾಗಿ ತುತ್ತಾಗುವುದೂ ಆ ಗಳಿಗೆಯಲ್ಲಿಯೇ. ಮದ್ದು ಕಿರಣಕ್ಕೆ ಹೀಗೆ ನೆಲ ಹದಮಾಡಿಕೊಡುತ್ತದೆ. ಅಲ್ಲದೆ ಕಿರಣ ತಲುಪದ ದೂರದ ಮೂಲೆಗಳಿಗೆ ರಕ್ತದೊಡನೆ ತಾನೇ ಹೋಗಿಬರುತ್ತದೆ. ಶ್ವಾಸಕೋಶದ ಮದ್ದುಗಳ ಬಳಗದಲ್ಲಿ ಇನ್ನೊಂದುಂಟು, ವೈನೊರೆಲ್ಬಿನ್. ಅದರ ತವರು ನಮ್ಮ ಹಿತ್ತಿಲಿನ ನಿತ್ಯಪುಷ್ಪ. ಆ ಗಿಡದ ಸಾರದಲ್ಲಿ ಬಿಳಿ ರಕ್ತಕಣಗಳನ್ನು ತಗ್ಗಿಸುವ ಶಕ್ತಿಯಿದೆಯೆಂದು 1958ರಲ್ಲಿ ಕೆನಡಾದ ನೋಬಲ್ ಮತ್ತು ಬೀರ್ ತೋರಿಸಿದ್ದು ಈ ಕಥೆಯ ಆರಂಭ. ಮಾವನಿಗೆ ಇದನ್ನು ಹೇಳಿದಾಗ, ಮಂಪರಿನಲ್ಲಿಯೇ ಕಣ್ಣುತೆರೆದು, "ಅಮ್ಮ ಅದನ್ನು ಕಿತ್ತು ಮಲ್ಲಿಗೆ ಹಾಕು ಅಂತಿದ್ದಳು ಮಾರಾಯ. ಸೋಮಾರಿತನದಿಂದ ಬಿಟ್ಟಿದ್ದೆ" ಎಂದರು. ಇದನ್ನು ಓದಿ ಯಾರೂ ನಿತ್ಯಪುಷ್ಪದ ಎಲೆ ಅಗಿಯಲು ಹೊರಡಬಾರದು. ಗಿಡದಲ್ಲಿರುವ ಆ ಅಂಶ ಅತ್ಯಲ್ಪ, ಎಲೆಯಿಂದ ಎಲೆಗೆ ಬೇರೆ, ಮತ್ತು ಅಳತೆಯಿಲ್ಲದ ವಿಷ ಬರಿಯ ವಿಷವೇ.

ಮದ್ದು ಮೊದಲೋ ಕಿರಣ ಮೊದಲೋ ಎಂಬುದು ಬಹುಕಾಲದ ವಾದವಾಗಿತ್ತು. ಕಿರಣವೊಂದನ್ನೇ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಬದುಕಿದ್ದ ಅವಧಿ 9.7 ತಿಂಗಳು, ಮೊದಲು ಮದ್ದು ಕೊಟ್ಟು ಆಮೇಲೆ ಕಿರಣ ಕೊಟ್ಟವರಲ್ಲಿ 13.8 ತಿಂಗಳು ಎಂದು 1990ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಎರಡನ್ನೂ ಜೊತೆಜೊತೆಯಾಗಿ ಕೊಟ್ಟರೆ ಇನ್ನೂ ಮೇಲೆಂದು 1999ರಲ್ಲಿ ಜಪಾನಿನ ಫುರುಸೆ ಮತ್ತು ಸಂಗಡಿಗರು ಕಂಡರು: 13.3 ತಿಂಗಳಿಗೆ ಪ್ರತಿಯಾಗಿ 16.5, ಐದು ವರ್ಷ ದಾಟಿದವರು ನೂರಕ್ಕೆ ಒಂಬತ್ತರಷ್ಟಿದ್ದದ್ದು ಹದಿನಾರಕ್ಕೆ ಹತ್ತಿರವಾಯಿತು. ಈ ಅಂಕಿಗಳನ್ನು ಓದಿ ಇಷ್ಟೇಯೇ ಎನ್ನುವವರುಂಟು. ಆ ಓಣಿಯಲ್ಲಿ ಕುಳಿತವರು ಹಾಗೆನ್ನುವುದಿಲ್ಲ. ಇನ್ನು ಅರವತ್ತು ಒಳ್ಳೆಯದಾದರೆ ಎಪ್ಪತ್ತನಾಲ್ಕು ಇನ್ನೂ ಒಳ್ಳೆಯದಲ್ಲವೆ ಎಂಬ ತರ್ಕ ಸಹಜವಷ್ಟೆ? ಅದನ್ನೂ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ ತಜ್ಞರನ್ನೇ ಬೆರಗಾಗಿಸಿತು: 60 ಗ್ರೇ ಪಡೆದವರ ಅವಧಿ 28.7 ತಿಂಗಳು, 74 ಪಡೆದವರದು 20.3. ಹೆಚ್ಚಿನ ಹದಿನಾಲ್ಕು ಗ್ರೇ ಹಿತವನ್ನು ತರಲಿಲ್ಲ. ಹೃದಯಕ್ಕೂ ಅನ್ನನಾಳಕ್ಕೂ ಬಿದ್ದ ಅಧಿಕಭಾರ ಇದ್ದುದನ್ನೂ ಕಳೆದಿರಬೇಕು. ಮಾವನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಭಾಮಿನಿ ಷಟ್ಪದಿಯ ಪಾದಕ್ಕೆ ಒಂದು ಮಾತ್ರೆ ಹೆಚ್ಚಾದರೂ ಅದು ಕುಂಟುವುದೆಂದು ಅವರಿಗೆ ಮೊದಲೇ ಗೊತ್ತಿತ್ತು.

ನಾಲ್ಕನೆಯ ವಾರ ನುಂಗುವುದು ಕಷ್ಟವಾಯಿತು. ಕಿರಣದ ದಾರಿಯಲ್ಲಿ ಅನ್ನನಾಳ ಇದ್ದೇ ಇರುತ್ತದೆ, ಅದರ ಒಳಪೊರೆ ಹುಣ್ಣಾಗುತ್ತದೆ. ನೀರು ಕೂಡ ಮುಳ್ಳಾಗಿ ಇಳಿಯಿತು. ಊಟಕ್ಕೆ ಹತ್ತು ನಿಮಿಷ ಮೊದಲು ಗಂಟಲು ಜೋಮು ಹಿಡಿಸುವ ಲೋಳೆಯಂಥ ಮದ್ದನ್ನು ಗುಟುಕರಿಸಿ, ಆರಿದ ರಾಗಿ ಅಂಬಲಿಯನ್ನು ಚಮಚದಲ್ಲಿ, ಒಂದೊಂದು ಚಮಚಕ್ಕೂ ಕಣ್ಣುಮುಚ್ಚಿ, ಮುಕ್ಕಾಲು ಗಂಟೆ ಕುಡಿಯುತ್ತಿದ್ದರು. ಅತ್ತೆ ಎದುರು ಕುಳಿತು ಬಟ್ಟಲನ್ನೇ ನೋಡುತ್ತಿದ್ದರು. ಐದನೆಯ ಸೋಮವಾರ ಬಿಳಿ ರಕ್ತಕಣ ತೀರ ಇಳಿದಿದೆಯೆಂದು ಕೀಮೋ ನಿಲ್ಲಿಸಿದರು. ಕರೆಂಟ್ ನಿಲ್ಲಿಸಲಿಲ್ಲ, ಏಕೆಂದರೆ ನಡುವೆ ದಿನಗಳು ಬಿಟ್ಟುಹೋದರೆ ಉಳಿದ ಕೆಟ್ಟಕೋಶಗಳು ಮತ್ತೆ ಚಿಗುರಿಕೊಳ್ಳುತ್ತವೆ. "ಯತಿಯನ್ನು ಮೀರಬಹುದು ಅನ್ನೋದು ಕನ್ನಡ ಕವಿಗಳಿಗೆ ಮಾತ್ರ" ಎಂದು ಮಾವ ಪಿಸುದನಿಯಲ್ಲಿ ಹೇಳಿದರು.

ಓಣಿಯಲ್ಲಿ ನಮ್ಮ ಪಕ್ಕದಲ್ಲಿ ರಾಯಚೂರು ಕಡೆಯ ಗಂಡಹೆಂಡಿರಿದ್ದರು. ಐದು ಲಕ್ಷದವರೆಗಿನ ಆಯುಷ್ಮಾನ್ ಕಾರ್ಡು ಯಂತ್ರದ ಖರ್ಚನ್ನೂ ಮದ್ದಿನ ಖರ್ಚನ್ನೂ ಹೊತ್ತಿತ್ತು. ಆರು ವಾರ ಬೆಂಗಳೂರಿನಲ್ಲಿ ತಲೆಯೂರುವ ಜಾಗವನ್ನು, ಎರಡು ಹೊತ್ತಿನ ಅನ್ನವನ್ನು, ಜೊತೆಗೆ ಬಂದವಳ ಕೂಲಿಯನ್ನು ಹೊರಲಿಲ್ಲ. ದಿನಕ್ಕೆ ಮೂರು ನಿಮಿಷದ ಚಿಕಿತ್ಸೆಗಾಗಿ ಮಿಕ್ಕ ಇಪ್ಪತ್ತಮೂರು ಗಂಟೆ ಐವತ್ತೇಳು ನಿಮಿಷವನ್ನು ಎಲ್ಲಿ ಕಳೆಯುವುದೆಂಬುದೇ ಅವರ ರೋಗವಾಗಿತ್ತು. ನಡುವೆ ಬಿಟ್ಟುಹೋಗುವ ರೋಗಿಗಳಿಗೆ ಧೈರ್ಯ ಸಾಲದೆಂದು ಹೇಳುವವರು ಒಂದು ವಾರ ಅವರ ಚಾಪೆಯ ಮೇಲೆ ಮಲಗಿ ನೋಡತಕ್ಕದ್ದು.

ಒಂದು ದಿನ ಹಾಸನದ ಕಡೆಯ ಲಾರಿ ಚಾಲಕರೊಬ್ಬರು ಮಗನೊಡನೆ ಬಂದು ಕುಳಿತರು. ಅವರದೂ ಶ್ವಾಸಕೋಶವೇ, ಬೆನ್ನುಮೂಳೆಗೆ ಇಳಿದಿತ್ತು. ಎಷ್ಟು ಕರೆಂಟ್ ಎಂದು ಅವರು ಮಾವನನ್ನು ಕೇಳಿ, ಮೂವತ್ತು ಎಂಬ ಉತ್ತರಕ್ಕೆ, "ಅಯ್ಯೋ ಪಾಪ. ನಂಗೆ ಒಂದೇ ಅಂತೆ. ನಂದು ಸಣ್ಣದು ಅನ್ಸುತ್ತೆ, ಅಲ್ವಾ ಮೇಷ್ಟ್ರೇ?" ಎಂದರು. ಮಗ ಗೋಡೆಯ ಕಡೆ ತಿರುಗಿಕೊಂಡನು. ಮಾವ ಅವರ ಮೊಣಕಾಲಿನ ಮೇಲೆ ಕೈಯಿಟ್ಟು, "ನೋವು ಕಮ್ಮಿಯಾಗ್ತದೆ" ಎಂದರು, ಅಷ್ಟೆ. ಅದು ಸುಳ್ಳಲ್ಲ. ರೋಗ ಎಲುಬಿಗೆ ಹಬ್ಬಿದ ನಾಲ್ಕನೆಯ ಹಂತದಲ್ಲಿ ಒಂದೇ ಸಲ ಕೊಡುವ 8 ಗ್ರೇ ಅನೇಕರ ನೋವನ್ನು ಇಳಿಸುತ್ತದೆ, ಆದರೆ ಅದರ ಗುರಿ ಅಷ್ಟೇ. ಅಲ್ಲಿ ಮುಖ್ಯ ಭಾರ ಮದ್ದಿನದು. ಗಡ್ಡೆಯ ವಂಶವಾಹಿಯಲ್ಲಿ ಇಂಥದೇ ದೋಷವಿದ್ದರೆ ಗುಳಿಗೆಯಲ್ಲಿಯೇ ವರ್ಷಗಟ್ಟಲೆ ತಡೆಹಿಡಿಯಬಹುದು, ಇಲ್ಲವಾದರೆ ಕೀಮೋ, ಈಚೆಗೆ ದೇಹದ ರಕ್ಷಣಾಶಕ್ತಿಯನ್ನು ಎಬ್ಬಿಸುವ ಬಹುವೆಚ್ಚದ ಇಂಜೆಕ್ಷನ್ನುಗಳು. ಇವೆಲ್ಲಕ್ಕೆ ಮೊದಲಿನಿಂದಲೇ ಉಪಶಮನದ ಆರೈಕೆಯನ್ನೂ ಕೂಡಿಸಿದರೆ ರೋಗಿಯ ನೆಮ್ಮದಿ ಹೆಚ್ಚುವುದಲ್ಲದೆ ಆಯುಸ್ಸೂ, 8.9 ತಿಂಗಳಿದ್ದದ್ದು 11.6ಕ್ಕೆ, ಹೆಚ್ಚಿತೆಂದು 2010ರಲ್ಲಿ ಬಾಸ್ಟನ್ನಿನ ವೈದ್ಯರು ವರದಿಮಾಡಿದರು. ನಮ್ಮಲ್ಲಿ ಆ ಆರೈಕೆಯ ಹೆಸರೆತ್ತಿದರೆ ವೈದ್ಯರು ಕೈಬಿಟ್ಟರೆಂದೇ ಮನೆಯವರು ಅಳುತ್ತಾರೆ.

ಮಾವನ ಮಕ್ಕಳೂ ಮೊದಲ ದಿನ, "ಅಪ್ಪನಿಗೆ ಹೇಳಬೇಡಿ" ಎಂದು ವೈದ್ಯೆಯನ್ನು ಬೇಡಿಕೊಂಡಿದ್ದರು. ಕ್ಯಾನ್ಸರ್ ಆಸ್ಪತ್ರೆಯೆಂಬ ಹೆಸರನ್ನು ಗೇಟಿನ ಮೇಲೆ ಆಳೆತ್ತರದ ಕನ್ನಡ ಅಕ್ಷರಗಳಲ್ಲಿ ಬರೆದಿರುವಾಗ, ಜೀವಮಾನವೆಲ್ಲ ಅಕ್ಷರವನ್ನೇ ಉಂಡ ಮನುಷ್ಯನಿಂದ ಏನನ್ನು ಮರೆಮಾಡುವುದು? ಲಾರಿ ಚಾಲಕರು ಬಂದುಹೋದ ಮರುದಿನ ಅವರು ವೈದ್ಯೆಯ ಮುಂದೆ ಕುಳಿತು, "ನನಗೆ ಎಲ್ಲಾ ಗೊತ್ತಾಗಬೇಕು. ಆದರೆ ಒಟ್ಟಿಗೆ ಬೇಡ. ಅದನ್ನೂ ಕರೆಂಟಿನ ಹಾಗೆ ದಿನಕ್ಕೆ ಇಷ್ಟಿಷ್ಟು ಹೇಳಿ" ಎಂದರು. ಆಕೆ ಹಾಗೆಯೇ ಹೇಳಿದರು. ದಿನಕ್ಕೆ ಒಂದು ಪ್ರಶ್ನೆ, ಒಂದು ಉತ್ತರ.

ಚಿಕಿತ್ಸೆ ಮುಗಿದ ಮೂರನೆಯ ತಿಂಗಳಲ್ಲಿ ಒಣಕೆಮ್ಮೂ ಏದುಸಿರೂ ಹಿಂತಿರುಗಿದಾಗ ಮನೆಯೆಲ್ಲ ನಡುಗಿತು. ಅದು ಅರ್ಬುದವಲ್ಲ, ಕಿರಣ ತಾಗಿದ ಶ್ವಾಸಕೋಶದ ಉರಿಯೂತವೆಂದು ತಿಳಿದು, ಸ್ಟಿರಾಯ್ಡ್ ಗುಳಿಗೆಗಳನ್ನು ವಾರವಾರಕ್ಕೂ ಇಳಿಸುತ್ತ ಬಂದರು. 2017ರಿಂದೀಚೆಗೆ ಕೀಮೋ ಕಿರಣಗಳ ಬೆನ್ನಿಗೆ ಎರಡು ವಾರಕ್ಕೊಮ್ಮೆ ಒಂದು ವರ್ಷದವರೆಗೆ ಡರ್ವಲುಮ್ಯಾಬ್ ಎಂಬ, ರಕ್ಷಣಾಶಕ್ತಿಯನ್ನು ಎಬ್ಬಿಸುವ ಇಂಜೆಕ್ಷನ್ ಕೊಡುವ ಪದ್ಧತಿ ಬಂದಿದೆ, ಅದರಿಂದ ಐದು ವರ್ಷ ದಾಟಿದವರ ಸಂಖ್ಯೆ ನೂರಕ್ಕೆ ಮೂವತ್ತಮೂರರಿಂದ ನಲವತ್ತಮೂರಕ್ಕೆ ಏರಿದ್ದೂ ಉಂಟು. ಅದರ ಬೆಲೆಯನ್ನು ಕೇಳಿ ಮಾವ ಕೈಮುಗಿದರು. ಸ್ಕ್ಯಾನಿನಲ್ಲಿ ಗಡ್ಡೆಯಿದ್ದ ಎಡೆಯಲ್ಲಿ ಈಗ ನಾರುನಾರಾದ ಗುರುತೊಂದಿದೆ. ಅದು ಬರಿಯ ಕಲೆಯೋ ಕಲೆಯೊಳಗೆ ಇನ್ನೇನಾದರೂ ಉಳಿದಿದೆಯೋ ಎಂದು ಹೇಳಲು ಮುಂದಿನ ಸ್ಕ್ಯಾನ್ ಬೇಕು.

ಕೊನೆಯ ದಿನದ ಮಾತೊಂದು ಬಿಟ್ಟುಹೋಯಿತು. ಮೂವತ್ತನೆಯ ಗುರು ಮುಗಿಸಿ, ಶರಟಿನ ಗುಂಡಿ ಹಾಕಿಕೊಳ್ಳುತ್ತ ಹೊರಬಂದ ಮಾವ, ಬಾಗಿಲಲ್ಲಿ ನಿಂತಿದ್ದ ತುಮಕೂರಿನ ಹುಡುಗನನ್ನು, ಎದೆಯ ಮೇಲಿನ ನೇರಳೆ ಗುರುತನ್ನು ಮುಟ್ಟಿ ತೋರಿಸುತ್ತ, "ಇನ್ನು ಇದನ್ನ ತೊಳೀಬಹುದೇನಪ್ಪ?" ಎಂದು ಕೇಳಿದರು.

"ಉಜ್ಜೋಕೆ ಹೋಗ್ಬೇಡಿ ಮೇಷ್ಟ್ರೇ, ಚರ್ಮ ಇನ್ನೂ ಹಸಿ ಇದೆ. ದಿನಾ ನೀರು ಹಾಕ್ಕೊಳಿ, ತಾನಾಗೇ ಹೋಗುತ್ತೆ" ಎಂದು ಹೇಳಿ, ಅವನು ಮುಂದಿನ ಹೆಸರನ್ನು ಕೂಗಿದನು.